ಹುಲಗಪ್ಪನ ಒಂದೇ ಪಾಸು

ಹುಣಸಗಿ ಕಡೆಯ ಹೊಲಗಳಿಗೆ ನೀರು ಹಂಚುವ ಕಾಲುವೆಯ ಒಂದು ಗೇಟಿಗೆ ಹುಲಗಪ್ಪನೆಂಬ ಅಧಿಪತಿ ಇದ್ದ. ಸರಕಾರದ ಕಾಗದದಲ್ಲಿ ಅವನು ಗೇಟು ಕಾಯುವ ಕೂಲಿ. ಊರವರ ಬಾಯಲ್ಲಿ ಲಷ್ಕರ. ಆದರೆ ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಹೆಗಲ ಮೇಲೆ ಇಟ್ಟುಕೊಂಡು ದಂಡೆಯ ಮೇಲೆ ಅವನು ಬರುತ್ತಿದ್ದ ರೀತಿ ನೋಡಿದರೆ, ಹಿಂದೆ ಆನೆ ಕುದುರೆಗಳಷ್ಟೇ ಕಡಿಮೆ ಎನ್ನಬೇಕಿತ್ತು. ಭತ್ತ ತೆನೆ ಕಟ್ಟುವ ಹೊತ್ತಿಗೆ ನೀರು ಸಾಲದೆ ಬಂದಾಗ ಮೇಲಿನ ಹೊಲದವರು ಸಲಿಕೆ ಹಿಡಿದು ಬರುತ್ತಿದ್ದರು, ಕೆಳಗಿನ ಹೊಲದವರು ಕೊಡಲಿ ಹಿಡಿದು ಬರುತ್ತಿದ್ದರು. ನಡುವೆ ಹುಲಗಪ್ಪ ನಿಂತು ಬೀಡಿ ಹಚ್ಚುತ್ತಿದ್ದ. ಕಡ್ಡಿ ಹಿಡಿದ ಕೈ ಒಂದು ಸಲವೂ ನಡುಗಿದ್ದಿಲ್ಲ.

ಆ ಕೈ ನಡುಗಿದ್ದು ಹೈದರಾಬಾದಿನ ಹೆಸರು ಕೇಳಿ.

ಅದಕ್ಕೊಂದು ಕಾರಣವಿತ್ತು. ಕಾಲುವೆ ಬರುವ ಮೊದಲಿನ ದಿನಗಳಲ್ಲಿ ಅವನ ಸೋದರಮಾವ ಯಂಕಣ್ಣ ಕಲ್ಲಿನ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ತಿರುಗಿ ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ, ಇದ್ದಾನೆಂಬ ಸುದ್ದಿಯೂ ಬರಲಿಲ್ಲ. ಜೊತೆಗೆ ಹೋದವರು ಹೇಳಿದ್ದು ಇಷ್ಟೇ: "ಬಸ್ ಇಳಿದಿವಿ, ಹೊಳ್ಳಿ ನೋಡಿದಿವಿ, ಇರಲಿಲ್ಲ." ಆಗ ಚಿಕ್ಕವನಾಗಿದ್ದ ಹುಲಗಪ್ಪನ ತಲೆಯಲ್ಲಿ ಒಂದು ಚಿತ್ರ ಗಟ್ಟಿಯಾಗಿ ಕೂತುಬಿಟ್ಟಿತು. ಹೈದರಾಬಾದ್ ಎಂದರೆ ಒಂದು ದೊಡ್ಡ ಬಾಯಿ. ಬಸ್ಸಿನಿಂದ ಇಳಿದವರನ್ನು ಅದು ನುಂಗುತ್ತದೆ.

ಇಂಥ ಬಾಯಿಗೆ ತನ್ನ ಇಡೀ ಸಂಸಾರವನ್ನು ತಾನೇ ಕರೆದೊಯ್ಯುವ ಕಾಲ ಬಂತು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಲಷ್ಕರನಿಗೆ ಕೆಲಸವಿಲ್ಲ. ಅದೇ ಹೊತ್ತಿಗೆ ಶಾಲೆಯ ಮಾಸ್ತರರು ಹೈದರಾಬಾದಿನ ಮ್ಯೂಸಿಯಂ ಬಗ್ಗೆ ಪಾಠ ಹೇಳಿದ್ದರು. ಮಗಳು ನಿಂಗಮ್ಮ ಮನೆಗೆ ಬಂದು, ದಂತದ ಕುರ್ಚಿ ನೋಡದೆ ಉಣ್ಣುವುದಿಲ್ಲ ಎಂದು ಪಟ್ಟು ಹಿಡಿದಳು. ಹೆಂಡತಿ ಮೋನಮ್ಮ ಮಗಳ ಪಕ್ಷಕ್ಕೆ ಸೇರಿದಳು. ತಾಯಿ ದೇವಕಮ್ಮ ಯಾರನ್ನೂ ಕೇಳದೆ ಎಲೆಅಡಿಕೆ ಚೀಲ ತುಂಬಿಸಿಕೊಂಡು ಕೂತಳು.

"ಊರ ಮಂದಿ ನೀರಿನ ಜಗಳ ಬಿಡಸ್ತೀರಿ, ಹೆಂಡ್ತಿ ಮಕ್ಕಳನ್ನ ಒಂದ್ ಊರಿಗಿ ಕರ್ಕೊಂಡ್ ಹೋಗಾಕ ಅಂಜಿಕಿ ಏನ್ರಿ?" ಎಂದಳು ಮೋನಮ್ಮ.

"ಅಂಜಿಕಿ? ನನಗ?" ಎಂದು ಹುಲಗಪ್ಪ ನಕ್ಕ. ನಗು ಅರ್ಧಕ್ಕೇ ಒಣಗಿತು.

ಯುದ್ಧಕ್ಕೆ ಮುಂಚೆ ಮಂತ್ರಾಲೋಚನೆ ಬೇಕಲ್ಲ. ಹುಲಗಪ್ಪ ಬಸ್‌ಸ್ಟ್ಯಾಂಡಿನ ಲಾಡ್ಲೇಸಾಬನ ಚಹಾದಂಗಡಿಗೆ ಹೋದ. ಲಾಡ್ಲೇಸಾಬನ ಮಗಳನ್ನು ಹೈದರಾಬಾದಿಗೆ ಕೊಟ್ಟಿತ್ತು. ಹಾಗಾಗಿ ಆ ನಗರದ ಬಗ್ಗೆ ಹುಣಸಗಿಯಲ್ಲಿ ಕೊನೆಯ ಮಾತು ಅವನದೇ.

"ಟಿಕೆಟ್ ಗಿಕೆಟ್ ತಗೋಬ್ಯಾಡ, ಪಾಸ್ ತಗೋ," ಎಂದ ಲಾಡ್ಲೇಸಾಬ ಚಹಾ ಎತ್ತಿ ಹೊಯ್ಯುತ್ತ. "ಟೇಶನ್ ಹೊರಗ ಒಂದ್ ಕಿಟಕಿ ಅದ. ಅಲ್ಲಿ ಮೂರ್ ನಮೂನಿ ಪಾಸ್ ಸಿಗ್ತಾವ. ಒಂದು ಬಸ್ಸಿಂದು, ದಿನಪೂರ್ತಿ ಯಾವ ಬಸ್ಸಾದ್ರೂ ಹತ್ತು, ಇಳಿ, ಯಾವ ಮಗನೂ ಕೇಳಂಗಿಲ್ಲ. ಇನ್ನೊಂದು ಬರೇ ಮ್ಯೂಸಿಯಂದು. ಮೂರನೇದು ಎರಡೂ ಕೂಡಿದ್ದು. ಅದನ್ನ ತಗೊಂಡ್ಯಂದ್ರ ನೀ ನವಾಬ."

"ಮತ್ತ ಪಾಸ್ ಇಲ್ಲಂದ್ರ, ಕಾಕಾ?"

"ಇಲ್ಲಂದ್ರ ಚೆಕಿಂಗ್‌ನವ್ರು ಏರತಾರ. ಪಾಸ್ ಇಲ್ಲದವರನ್ನ ಕೆಳಗ ಇಳಿಸಿ ಒಯ್ತಾರ."

ಹುಲಗಪ್ಪನ ಬಾಯೊಳಗಿನ ಚಹಾ ಅಲ್ಲೇ ನಿಂತಿತು. "ಎಲ್ಲಿಗಿ ಒಯ್ತಾರ?"

"ನನಗೇನ್ ಗೊತ್ತಪಾ? ನನ್ನ ಕಡಿ ಯಾವಾಗ್ಲೂ ಪಾಸ್ ಇರ್ತದ."

ಯಂಕಣ್ಣ ಮಾವನ ಕಡೆ ಪಾಸು ಇರಲಿಲ್ಲ! ಹುಲಗಪ್ಪನಿಗೆ ಎಲ್ಲವೂ ಒಂದೇ ಏಟಿಗೆ ಹೊಳೆಯಿತು. ಪಾಸು ಎಂದರೆ ಬರೀ ಕಾಗದವಲ್ಲ, ಕವಚ. ಆದರೆ ಪಾಸನ್ನು ತಲೆಗೊಂದು ಕೊಳ್ಳಬೇಕು ಎಂಬ ಮಾತನ್ನು ಲಾಡ್ಲೇಸಾಬ ಹೇಳಲಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂದೂ ಅವನು ಹೇಳಿರಲಿಲ್ಲ. ಹೇಳಬೇಕಾದ ಮಾತೆಂದು ಅವನಿಗೆ ಅನ್ನಿಸಿರಲಿಕ್ಕಿಲ್ಲ.

ಇಲ್ಲಿ ಹುಲಗಪ್ಪನ ರಾಜ್ಯದ ಕಾನೂನು ಸ್ವಲ್ಪ ತಿಳಿದಿರಬೇಕು. ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ಕಿಂಡಿಗೆ ತೂಬು ಎನ್ನುತ್ತಾರೆ. ಒಂದು ತೂಬಿನ ಕೆಳಗೆ ಹಲವರ ಹೊಲಗಳಿರುತ್ತವೆ. ಪಾಳಿ ಬಂದಾಗ ಲಷ್ಕರನು ತಲೆಯ ಹೊಲದವನ ಹೆಸರಿಗೆ ಒಂದು ಚೀಟಿ ಬರೆದುಕೊಟ್ಟರೆ ಆಯಿತು, ಆ ಒಂದೇ ಚೀಟಿಯ ಮೇಲೆ ಬಾಲದ ಹೊಲದವರೆಗೂ ಎಲ್ಲರೂ ಹೊಲಕ್ಕೆ ನೀರು ಉಣಿಸಿಕೊಳ್ಳುತ್ತಾರೆ. ಒಂದು ತೂಬಿಗೆ ಎರಡನೆಯ ಚೀಟಿ ಕೇಳಿದವನನ್ನು ಹುಲಗಪ್ಪ ದಂಡೆಯಿಂದ ಓಡಿಸಿದ್ದ. ತನ್ನ ಸಂಸಾರವೂ ಒಂದು ತೂಬು. ತಲೆಯ ಹೊಲ ತಾನು. ಇನ್ನೂ ಒಂದು ಗುಟ್ಟಿನ ಲೆಕ್ಕಾಚಾರವಿತ್ತು: ಒಬ್ಬೊಬ್ಬರ ಕೈಗೆ ಒಂದೊಂದು ಪಾಸು ಕೊಟ್ಟರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಬಹುದು. ಒಂದೇ ಪಾಸು ತನ್ನ ಕಿಸೆಯಲ್ಲಿದ್ದರೆ ಯಾರು ಎಲ್ಲಿಗೆ ಹೋದಾರು?

ಯಾದಗಿರಿಯಲ್ಲಿ ರೈಲು ಹತ್ತಿದರು. ಹಾದಿಯುದ್ದಕ್ಕೂ ಹುಲಗಪ್ಪ ಕಣ್ಣು ಮುಚ್ಚಲಿಲ್ಲ. ಹೈದರಾಬಾದಿನಲ್ಲಿ ಇಳಿದಾಗ ಜನ ಒಡ್ಡು ಒಡೆದ ನೀರಿನ ಹಾಗೆ ನುಗ್ಗಿಬಂದರು. ಅವನು ತಾಯಿ, ಹೆಂಡತಿ, ಮಗಳನ್ನು ಒಂದು ಕಂಬದ ಬುಡದಲ್ಲಿ ಗಂಟುಗಳ ಜೊತೆ ಗಂಟುಗಳ ಹಾಗೆ ಕೂರಿಸಿ, "ಏಳಬ್ಯಾಡ್ರಿ, ಯಾರರೆ ಕರದ್ರ ಓ ಅನಬ್ಯಾಡ್ರಿ," ಎಂದು ಅಪ್ಪಣೆ ಮಾಡಿ ಕಿಟಕಿಗೆ ಹೋದ.

ಕಿಟಕಿಯೊಳಗಿನ ಗುಮಾಸ್ತ ತಲೆ ಎತ್ತದೆ, "ಕಿತ್ತೇ?" ಎಂದ. ಎಷ್ಟು ಎಂದು ಕೇಳುತ್ತಿದ್ದಾನೆ.

"ಏಕೀಚ್," ಎಂದ ಹುಲಗಪ್ಪ. ಒಂದೇ. ಎರಡೂ ಕೂಡಿದ್ದು.

ಗುಮಾಸ್ತನಿಗೆ ಕಂಡದ್ದು ಕಿಟಕಿಯ ಮುಂದಿನ ಒಂದೇ ಮೀಸೆ. ಒಂದೇ ಪಾಸಿಗೆ ಮುದ್ರೆ ಒತ್ತಿ ಕೊಟ್ಟ. ಹುಲಗಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಒಳಗಿನ ಅಂಗಿಯ ಕಿಸೆಯಲ್ಲಿಟ್ಟು, ಮೇಲೆ ಪಿನ್ನು ಚುಚ್ಚಿದ. ಇಷ್ಟು ಸುಲಭವಾಗಿ ಕೋಟೆ ಬಿದ್ದದ್ದು ಅವನಿಗೇ ನಂಬಿಕೆಯಾಗಲಿಲ್ಲ.

ಆ ಊರಿನ ಬಸ್ಸುಗಳಲ್ಲಿ ಹೆಂಗಸರು ಮುಂದಿನ ಬಾಗಿಲಲ್ಲಿ ಹತ್ತಬೇಕು, ಗಂಡಸರು ಹಿಂದಿನದರಲ್ಲಿ. ಲಾಡ್ಲೇಸಾಬ ಇದನ್ನೂ ಹೇಳಿರಲಿಲ್ಲ. ಹುಲಗಪ್ಪ ಮುಂದಿನ ಬಾಗಿಲಿಗೆ ಕಾಲಿಟ್ಟಾಗ ಯಾರೋ ಒಬ್ಬಳು ಬೈದಳು. ಹಿಂದೆ ಓಡಿದ. ಅವನು ನೇತಾಡುತ್ತ ಒಳಗೆ ಸೇರುವಷ್ಟರಲ್ಲಿ ಸಂಸಾರ ಒಂದು ತುದಿಯಲ್ಲಿತ್ತು, ಪಾಸು ಇನ್ನೊಂದು ತುದಿಯಲ್ಲಿತ್ತು. ನಡುವೆ ಇಡೀ ಹೈದರಾಬಾದ್ ನಿಂತಿತ್ತು.

"ಯವ್ವಾ! ಅದೀರೇನು?" ಎಂದು ಕೂಗಿದ.

"ಅದೀವಲೇ, ಒದರಬ್ಯಾಡ!" ಎಂದು ಮುಂದಿನಿಂದ ದೇವಕಮ್ಮನ ದನಿ ಬಂತು.

ಕಂಡಕ್ಟರ್ ಬಂದಾಗ ಹುಲಗಪ್ಪ ಪಾಸನ್ನು ಧ್ವಜದಂತೆ ಎತ್ತಿ ಹಿಡಿದ. ಕಂಡಕ್ಟರ್ ನೋಡಿ ಮುಂದೆ ಹೋದ. ಮುಂದೆ ದೇವಕಮ್ಮ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿ "ಪಾಸ್" ಎಂದಳು. ಆ ನೂಕುನುಗ್ಗಲಲ್ಲಿ ಅವನು ಹೆಚ್ಚು ವಿಚಾರಿಸಲಿಲ್ಲ. ಹುಲಗಪ್ಪನ ಎದೆ ಮೊದಲ ಸಲ ಸ್ವಲ್ಪ ಸಡಿಲಾಯಿತು. ಎಲಾ, ಈ ಊರಾಗೂ ನಮ್ಮ ಕಾನೂನೇ ನಡೀತದ ಎಂದುಕೊಂಡ.

ಆ ನೆಮ್ಮದಿ ಬಾಳಿದ್ದು ಮುಂದಿನ ನಿಲ್ದಾಣದವರೆಗೆ ಮಾತ್ರ. ಬಸ್ಸು ನಿಂತಿತು. ಮುಂದಿನ ಬಾಗಿಲಲ್ಲಿ ಖಾಕಿ ಬಣ್ಣ ಕಾಣಿಸಿತು. ಚೆಕಿಂಗ್‌ನವರು. ಅವರಲ್ಲಿ ಒಬ್ಬಳು ಹೆಂಗಸು ದೇವಕಮ್ಮನ ಎದುರು ಕೈ ಚಾಚಿದ್ದು, ದೇವಕಮ್ಮ ಮತ್ತೆ ಹೆಬ್ಬೆರಳು ಎತ್ತಿದ್ದು, ಆ ಹೆಂಗಸು ತಲೆ ಅಲ್ಲಾಡಿಸಿದ್ದು ಹುಲಗಪ್ಪನಿಗೆ ತೋಳುಗಳ ಸಂದಿಯಿಂದ ಕಂಡಿತು.

"ಪಾಸ್ ಇಲ್ಲಿ ಅದರೀ! ನನ್ನ ಕಡಿ ಅದರೀ!" ಎಂದು ಅವನು ಪಾಸು ಎತ್ತಿದ. ಮುಂದಿನವನ ಬೆನ್ನಿಗೆ ಭುಜ ಕೊಟ್ಟು ನೂಕಿದ. ಕೊಡಲಿ ಹಿಡಿದವರ ನಡುವೆ ದಾರಿ ಮಾಡಿಕೊಂಡ ಭುಜವದು. ಒಂದು ಬುಟ್ಟಿ ಬಾಳೆಹಣ್ಣು ಅದನ್ನು ತಡೆದು ನಿಲ್ಲಿಸಿತು. ಮುಂದಿನ ಬಾಗಿಲಿನಿಂದ ತಾಯಿಯ ಹಸಿರು ಸೀರೆ ಇಳಿಯಿತು, ಒಂದು ಗಂಟು ಇಳಿಯಿತು, ಎರಡು ಜಡೆ ಇಳಿದವು. ಸೀಟಿ ಕೇಳಿಸಿತು. ಬಸ್ಸು ಹೊರಟಿತು.

ಕಿಟಕಿಯಲ್ಲಿ ಅವನು ಕಂಡದ್ದು ಇಷ್ಟು: ರಸ್ತೆಯ ಅಂಚಿನಲ್ಲಿ ನಿಂತ ತಾಯಿ, ಹೆಂಡತಿ, ಮಗಳು, ಅವರ ಸುತ್ತ ಖಾಕಿ. ಆಮೇಲೆ ಒಂದು ಲಾರಿ ಅಡ್ಡ ಬಂತು. ಲಾರಿ ಸರಿದಾಗ ಬೇರೆ ಯಾರೋ ನಿಂತಿದ್ದರು.

ಹುಲಗಪ್ಪ ಕೂಗಿದ. ಕನ್ನಡದಲ್ಲಿ ಕೂಗಿದ, ಬರುವಷ್ಟು ಉರ್ದುವಿನಲ್ಲಿ ಕೂಗಿದ, ಕೊನೆಗೆ ಯಾವ ಭಾಷೆಯೂ ಅಲ್ಲದ ಒಂದು ದನಿ ಹೊರಟಿತು. ಪಕ್ಕದವನೊಬ್ಬ ಸಮಾಧಾನದಿಂದ, ಮುಂದಿನ ಸ್ಟಾಪ್ ಹೊಳೆಯ ಸೇತುವೆ ದಾಟಿದ ಮೇಲೆ ಎಂದ. ಆ ಸೇತುವೆ ಅಷ್ಟು ಉದ್ದ ಯಾಕಿರಬೇಕಿತ್ತು! ಮೋನಮ್ಮನ ಕಡೆ ದುಡ್ಡಿಲ್ಲ, ಎಲ್ಲ ಅವನ ಕಿಸೆಯಲ್ಲೇ ಇದೆ. ನಿಂಗಮ್ಮನಿಗೆ ಊರ ಹೆಸರು ಗೊತ್ತು, ಆದರೆ ಇಲ್ಲಿ ಹುಣಸಗಿ ಎಂದರೆ ಯಾರಿಗೆ ತಿಳಿದೀತು? ಹೊಳ್ಳಿ ನೋಡಿದಿವಿ, ಇರಲಿಲ್ಲ. ಬಾಯಿ ಮುಚ್ಚಿದ ಸದ್ದು ಅವನಿಗೆ ಕಿವಿಯಾರೆ ಕೇಳಿಸಿತು.

ಸೇತುವೆಯಾಚೆ ಬಸ್ಸಿನಿಂದ ಇಳಿದನೋ ಬಿದ್ದನೋ. ಎದುರು ದಿಕ್ಕಿಗೆ ಹೋಗುವ ಬಸ್ಸೊಂದು ಬಂತು. ಹತ್ತಿದ. ಯಾವ ಬಸ್ಸಾದರೂ ಹತ್ತಬಹುದಲ್ಲ, ನವಾಬನಲ್ಲವೇ? ಆ ನಿಲ್ದಾಣಕ್ಕೆ ಬಂದು ಇಳಿದ. ಅಲ್ಲಿ ಖಾಕಿಯೂ ಇರಲಿಲ್ಲ, ಹಸಿರು ಸೀರೆಯೂ ಇರಲಿಲ್ಲ. ಒಬ್ಬ ಸೋಡಾ ಗಾಡಿಯವನು ನಿಂತಿದ್ದ.

"ಒಬ್ಬಾಕಿ ಮುದುಕಿ... ಒಂದ್ ಹುಡುಗಿ..." ಹುಲಗಪ್ಪ ಕೈಯಲ್ಲೇ ಎತ್ತರ ತೋರಿಸಿದ.

"ಉಧರ್ ಗಯೇ," ಎಂದು ಸೋಡಾದವನು ಸೇತುವೆಯ ಕಡೆಗೇ ಬೆರಳು ತೋರಿಸಿದ.

ಹೋದರು ಎಂದನೋ, ಒಯ್ದರು ಎಂದನೋ? ಕೇಳಲು ಹುಲಗಪ್ಪನಿಗೆ ಧೈರ್ಯ ಬರಲಿಲ್ಲ. ಸೇತುವೆಯ ಕಡೆ ಹೋಗುವ ಬಸ್ಸು ಹತ್ತಿದ. ಬಾಗಿಲ ಕಂಬಿಗೆ ಜೋತುಬಿದ್ದು, ಕಣ್ಣು ಗಟ್ಟಿಯಾಗಿ ಮುಚ್ಚಿ, ತಿಂಥಣಿಯ ಮೋನಪ್ಪಯ್ಯನಿಗೆ ಹರಕೆ ಹೊತ್ತ: ಉದ್ದಕ ಬಿದ್ದು ದೀಡ ನಮಸ್ಕಾರ ಹಾಕ್ತೀನಪ್ಪಾ, ತಲಿ ಬೋಳಿಸ್ತೀನಪ್ಪಾ, ಬೀಡಿ ಬಿಡ್ತೀನಪ್ಪಾ. ಬೀಡಿಯ ಮಾತು ಬಂದಾಗ, ಎಂಥ ಗಂಡಾಂತರದಲ್ಲೂ, ಒಂದು ಗಳಿಗೆ ತಡೆದು ಹೇಳಿದ. ಸೇತುವೆಯಾಚೆ ಇಳಿದ. ಯಾರೂ ಇಲ್ಲ. ಮತ್ತೆ ಈಚೆಯ ಬಸ್ಸು, ಮತ್ತೆ ಸೋಡಾದವನು, ಮತ್ತೆ ಆಚೆಯ ಬಸ್ಸು, ಮತ್ತೆ ಹರಕೆ. ಪಾಸು ದಿನಪೂರ್ತಿ ನಡೆಯುತ್ತದೆ. ದಿನಪೂರ್ತಿ ಹೀಗೇ ನಡೆಯುತ್ತಿತ್ತೋ ಏನೋ.

ಸೇತುವೆಯಾಚೆಯ ನಿಲ್ದಾಣದಲ್ಲಿ ಮತ್ತೊಂದು ಬಸ್ಸು ಎದುರಿಗೆ ಬಂದು ನಿಂತಾಗ ಅವನು ಹತ್ತಲಿಲ್ಲ. ಸೇತುವೆಯ ಕಟ್ಟೆಗೆ ಒರಗಿ ನಿಂತ. ಕೆಳಗೆ ಹೊಳೆ ಹೆಸರಿಗೆ ಮಾತ್ರ ಇತ್ತು, ಕಪ್ಪು ನೀರು ತೆಳ್ಳಗೆ ಹರಿಯುತ್ತಿತ್ತು. ಈ ನೀರಿಗೆ ಯಾರು ಲಷ್ಕರ ಎಂದು ಸುಮ್ಮನೆ ಒಂದು ಯೋಚನೆ ಬಂತು. ಆ ಯೋಚನೆಯ ಬಾಲ ಹಿಡಿದು ಇನ್ನೊಂದು ಬಂತು.

ಬಾಲದ ಹೊಲಕ್ಕೆ ನೀರು ನಿಂತರೆ ಅಲ್ಲಿನವರು ಏನು ಮಾಡುತ್ತಾರೆ? ಬದುವಿನ ಮೇಲೆ ಕೂತು ಕಾಯುತ್ತಾರೆಯೇ? ಇಲ್ಲ. ದಂಡೆ ಹಿಡಿದು ಮೇಲಕ್ಕೆ ನಡೆಯುತ್ತಾರೆ, ಗೇಟಿನ ಹತ್ತಿರ ಲಷ್ಕರ ಸಿಗುವವರೆಗೂ, ಹಾದಿಯುದ್ದಕ್ಕೂ ಅವನನ್ನು ಬೈಯುತ್ತ. ಹುಲಗಪ್ಪನದೇ ಹೊಲ ತೂಬಿನ ಬಾಲದಲ್ಲಿತ್ತು. ನೀರು ನಿಂತ ದಿನ ಎಲ್ಲರಿಗಿಂತ ಮೊದಲು ಗೇಟಿಗೆ ಬಂದು, ಅವನ ಹುಟ್ಟನ್ನೇ ಜಾಲಾಡುತ್ತಿದ್ದವಳು ದೇವಕಮ್ಮ.

ಅವಳು ನಿಂತಿರುವುದಿಲ್ಲ. ನಡೆಯುತ್ತಿರುತ್ತಾಳೆ. ದಂಡೆ ಹಿಡಿದು, ಬಸ್ಸು ಹೋದ ದಿಕ್ಕಿಗೆ.

ಖಾಕಿಯವರು ಬಿಟ್ಟಿದ್ದರೆ.

ಹುಲಗಪ್ಪ ಬಸ್ಸಿಗೆ ಬೆನ್ನು ಮಾಡಿ ನಡೆಯತೊಡಗಿದ. ಸೇತುವೆಯ ಅಂಚಿನಲ್ಲಿ, ಒಬ್ಬೊಬ್ಬರ ಮುಖ ನೋಡುತ್ತ. ಹಸಿರು ಸೀರೆ ಕಂಡಾಗಲೆಲ್ಲ ಎದೆ ಬಾಯಿಗೆ ಬರುತ್ತಿತ್ತು. ಹೈದರಾಬಾದಿನಲ್ಲಿ ಅಂದು ಎಲ್ಲ ಹೆಂಗಸರೂ ಹಸಿರನ್ನೇ ಉಟ್ಟು ಬಂದಿದ್ದರು. ಹತ್ತಿರ ಹೋದರೆ ಬೇರೆ ಮುಖ. ಇನ್ನೊಂದು, ಬೇರೆ ಮುಖ. ಸೇತುವೆ ಮುಗಿಯಿತು. ರಸ್ತೆ ಎಡಕ್ಕೆ ಹೊರಳಿತು. ಇನ್ನು ಸೋಡಾ ಗಾಡಿಯವರೆಗೆ ಬಹಳ ದೂರವಿಲ್ಲ. ಅಷ್ಟರಲ್ಲಿ ಸಿಗದಿದ್ದರೆ? ಆ ಪ್ರಶ್ನೆಯ ಆಚೆಗೆ ಅವನ ತಲೆ ಹೋಗಲೊಲ್ಲದು.

ಹೊರಳಿನಲ್ಲಿ, ರಸ್ತೆಯ ತೀರಾ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು, ದಂಡೆಯ ಮೇಲೆ ನಡೆಯುವವರ ಹಾಗೆ ಮೂವರು ಬರುತ್ತಿದ್ದರು. ಮುಂದೆ ದೇವಕಮ್ಮ. ಅವಳ ಸೆರಗು ಹಿಡಿದು ನಿಂಗಮ್ಮ. ಹಿಂದೆ ತಲೆಯ ಮೇಲೆ ಗಂಟು ಹೊತ್ತ ಮೋನಮ್ಮ.

ವೀರಾಧಿವೀರ ಹುಲಗಪ್ಪ ಅಲ್ಲೇ ರಸ್ತೆಯ ಮೇಲೆ ಕುಕ್ಕರಿಸಿ ಕೂತು ಅತ್ತುಬಿಟ್ಟ.

"ಏನಲೇ ಹುಲಗ್ಯಾ!" ಎಂದು ದೇವಕಮ್ಮ ದೂರದಿಂದಲೇ ಶುರು ಮಾಡಿದಳು. "ಪಾಸ್ ತಗೊಂಡು ಒಬ್ಬಾವನ ಮೆರ್ಯಾಕ ಬಂದೀ? ಹಡದವ್ವ ಖಾಕಿಯವರ ಕೈಯಾಗ, ಮಗ ಗಾಡ್ಯಾಗ!"

"ಬಿಟ್ರೇನಬೇ ನಿಮ್ಮನ್ನ? ಹೆಂಗ ಬಿಟ್ರು?"

"ಬಿಡದ ಏನ್ ಮಾಡ್ತಾರ, ನನಗ ಉಣ್ಣಾಕ ಹಾಕತಾರೇನು? ಆ ಖಾಕಿಯಾಕಿ ಛಲೋ ಹೆಣ್ಮಗಳು ಪಾಪ. ಮಗ ಹೊಳ್ಳಿ ಬರ್ತಾನ, ಇಲ್ಲೇ ನಿಂದರ್ರಿ ಅಂದ್ಳು. ನಾ ಕೇಳ್ಲಿಲ್ಲ."

"ಯಪ್ಪಾ," ಎಂದಳು ನಿಂಗಮ್ಮ, "ನೀ ಮತ್ತ ಮತ್ತ ಬಸ್ಸಿನಾಗ ಹ್ವಾದಿ. ನಾ ಕೈ ಮಾಡಿ ಮಾಡಿ ಕರದೆ. ನೀ ಬಾಗಲದಾಗ ಕಣ್ಣ ಮುಚಗೊಂಡ್ ನಿಂತಿದ್ದಿ. ನಿದ್ದಿ ಬಂದಿತ್ತೇನು?"

ಹುಲಗಪ್ಪ ಮೋನಪ್ಪಯ್ಯನ ಹೆಸರು ಎತ್ತಲಿಲ್ಲ. ಹರಕೆಯ ವಿವರ ಹೊರಬಿದ್ದರೆ ಬೀಡಿಯ ಮಾತೂ ಹೊರಬೀಳುತ್ತಿತ್ತು.

ಮೋನಮ್ಮ ಗಂಟು ಇಳಿಸಿ ಅವನ ಮುಖ ನೋಡಿದಳು. ಬೈಯಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತು ಆ ಮುಖ ನೋಡಿ ಅರ್ಧವಾಯಿತು. "ಪಾಸು ತಲಿಗೊಂದು ತಗೋಬೇಕಂತರಿ. ಅಕಿ ಹೇಳಿದ್ಳು."

"ತಲಿಗೊಂದು? ಒಂದ್ ತೂಬಿಗಿ ಒಂದ ಚೀಟಿ ಅಲ್ಲೇನು?"

"ನಾವೇನು ಹೊಲ ಏನ್ರಿ?" ಎಂದಳು ಮೋನಮ್ಮ.



ಯಾದಗಿರಿ ರೈಲಿನ ಹಾದಿ ಹಿಡಿಯೋಣ, ದಂತದ ಕುರ್ಚಿಯ ಚಿತ್ರ ಪುಸ್ತಕದಲ್ಲಿಯೇ ಇದೆ ಎಂದು ಅವನು ಸೂಚಿಸಿ ನೋಡಿದ. ನಿಂಗಮ್ಮ ರಸ್ತೆಯ ಮೇಲೆ ಕೂಡುವ ಲಕ್ಷಣ ತೋರಿಸಿದಳು. ನಾಲ್ವರೂ ನಡೆದೇ ಹೋದರು. ಬಸ್ಸಿನ ಹೆಸರು ಎತ್ತುವ ಗಂಡೆದೆ ಯಾರಿಗೂ ಇರಲಿಲ್ಲ.

ಮ್ಯೂಸಿಯಂ ಕಿಟಕಿಯಲ್ಲಿ ಹುಲಗಪ್ಪ ಮೂವರನ್ನೂ ಕಿಟಕಿಯ ಮುಂದೆಯೇ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ತಲೆ ಮುಟ್ಟಿ ತೋರಿಸಿ ಪಾಸು ಕೇಳಿದ. ಒಳಗಿನವರು ಇಂಥ ಗಿರಾಕಿಯನ್ನು ಕಂಡಿರಲಿಕ್ಕಿಲ್ಲ. ದೇವಕಮ್ಮ ತನ್ನದನ್ನು ಎಲೆಅಡಿಕೆ ಚೀಲಕ್ಕೆ ಇಳಿಸಿದಳು, ಮೋನಮ್ಮ ಕುಪ್ಪಸಕ್ಕೆ ಸೇರಿಸಿದಳು, ನಿಂಗಮ್ಮ ಹಲ್ಲಿನಲ್ಲಿ ಕಚ್ಚಿಕೊಂಡಳು. ಕಾನೂನು ಪಾಲಿಸಿದ್ದಾಯಿತು. ಹೆದರಿಕೆ ಮಾತ್ರ ಇನ್ನೂ ಹೆಚ್ಚಿತು. ಈಗ ಒಬ್ಬೊಬ್ಬರ ಕಡೆಯೂ ಪಾಸು ಇತ್ತು, ಒಬ್ಬೊಬ್ಬರೂ ಒಂದೊಂದು ಬಾಗಿಲಲ್ಲಿ ಹೋಗಬಹುದಿತ್ತು. ಅರಮನೆಯಂಥ ಆ ಮ್ಯೂಸಿಯಂಗೋ, ಎತ್ತ ನೋಡಿದರೂ ಬಾಗಿಲು.

ಹಾಗಾಗಿ ಹುಲಗಪ್ಪ ಹಿಂದೆ ನಿಂತ. ಕುರಿ ಹಿಂಡಿನ ಹಿಂದೆ ನಡೆಯುವವನ ಹಾಗೆ, ಮೂರು ಹೆಡಕುಗಳ ಮೇಲಿನ ಕಣ್ಣು ಕೀಳದೆ, ಕೋಣೆಯಿಂದ ಕೋಣೆಗೆ ನಡೆದ. ಕನ್ನಡಿಗಳ ಕೋಣೆಯೊಂದು ಬಂತು. ಅಲ್ಲಿ ಎಣಿಸಿದಾಗ ಎಂಟೊಂಬತ್ತು ದೇವಕಮ್ಮಂದಿರು ಸಿಕ್ಕರು. ಕಡಿಮೆಯಾದಾಗ ಹೆದರಬೇಕು ಎಂಬುದು ಅವನಿಗೆ ಗೊತ್ತಿತ್ತು. ಹೆಚ್ಚಾದಾಗ ಏನು ಮಾಡಬೇಕೋ ತಿಳಿಯದೆ ಹತ್ತಿರದವಳ ಸೆರಗು ಹಿಡಿದ. ಅವಳು ಯಾರದೋ ತಾಯಿ. ಆ ಕೋಣೆಯಲ್ಲಿ ಅವನಿಗೆ ಬಿದ್ದ ಬೈಗುಳ ಮರಾಠಿಯದು.

ಎರಡು ದಿನ ಬಿಟ್ಟು ಹುಲಗಪ್ಪ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿದ್ದ. ಲಾಡ್ಲೇಸಾಬ ಕೇಳಿದ, "ಏನಪಾ ನವಾಬ, ದಂತದ ಕುರ್ಚಿ ನೋಡಿದೇನು?"

"ಅದರ ಮುಂದ ನಿಂಗಿ ನಿಂತಿದ್ಳು, ಕಾಕಾ."

"ಗೋಡಿ ತುಂಬ ಕತ್ತಿ ಹಚ್ಯಾರಲ್ಲ, ಅವು?"

"ಅಲ್ಲಿ ನಮ್ಮವ್ವ. ಒಂದ್ ಸಲ ಕೂತ್ಳು, ಆಮ್ಯಾಲ ಎದ್ದು ಬಂದ್ಳು."

"ಬಿಳಿ ಕಲ್ಲಿನ ಗೊಂಬಿ? ಜಗತ್ತೆಲ್ಲಾ ಅದನ್ನ ನೋಡಾಕ ಬರ್ತದ!"

ಹುಲಗಪ್ಪ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡ. "ಮೋನಮ್ಮ ಅದರ ಬಲಕ್ಕಿದ್ಳು," ಎಂದ.

ಲಾಡ್ಲೇಸಾಬ ಚಹಾದ ಪಾತ್ರೆ ಕೆಳಗಿಟ್ಟ. "ಅಂದ್ರ ಅಷ್ಟ್ ದೂರ ಹೋಗಿ ನೀ ಏನೂ ನೋಡಿಲ್ಲ?"

"ಎಲ್ಲಾರೂ ಮನಿಗಿ ಬಂದಾರಲ್ಲ, ಕಾಕಾ," ಎಂದು ಹುಲಗಪ್ಪ ಚಹಾ ಕುಡಿದ. ಕೈಯಲ್ಲಿದ್ದ ಬಸಿಯೊಳಗೆ ಉಳಿದ ಚಹಾ ಇನ್ನೂ ಸಣ್ಣಗೆ ಅಲುಗುತ್ತಿತ್ತು.